ಮೃದು ಪ್ಲಾಸ್ಟಿಕ್‌ನ ಕೃತಕ ಎರೆ ತಯಾರಿಕೆ: ಅಚ್ಚಿನ ಸಾಮಗ್ರಿಯ ಆಯ್ಕೆ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಿರು ಉದ್ದಿಮೆ ಸ್ಥಾಪಿಸಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮೈಸೂರು ಜಿಲ್ಲೆಯ ನಂಜನಗೂಡು ಕಪಿಲಾ ನದಿಯ ದಡದಲ್ಲಿದೆ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿಯ ಅಣೆಕಟ್ಟೆಯನ್ನು ದಾಟಿ ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ತಾಲ್ಲೂಕುಗಳ ನದಿಪಾತ್ರ, ನಾಲೆ ಮತ್ತು ಕೆರೆಗಳಲ್ಲಿ ಹರಿಗೋಲು, ಬಲೆ ಹಾಗೂ ಗಾಳಗಳಿಂದ ಮೀನು ಹಿಡಿಯುವುದು ಹಿಂದಿನಿಂದಲೂ ನಡೆದುಬಂದ ಕಸುಬಾಗಿದೆ. ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರೂ ಹೆಚ್ಚಿದ್ದು, ಎರೆಹುಳುವಿನ ಬದಲಿಗೆ ಮೃದು ಪ್ಲಾಸ್ಟಿಕ್‌ನಿಂದ ಮಾಡಿದ ಹುಳು, ಕಪ್ಪೆ ಮತ್ತು ಮರಿಮೀನುಗಳ ಆಕಾರದ ಕೃತಕ ಎರೆಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ.

ಇಂತಹ ಎರೆಗಳ ತಯಾರಿಕೆಯನ್ನು ಅಲ್ಪ ಬಂಡವಾಳದಿಂದ ಪ್ರಾರಂಭಿಸಬಹುದಾಗಿದೆ. ಆದರೆ ಸದರಿ ಉದ್ದಿಮೆಯಲ್ಲಿ ಮೊದಲ ಹಾಗೂ ಅತಿ ಮುಖ್ಯ ವೆಚ್ಚವು ಅಚ್ಚಿನದಾಗಿರುತ್ತದೆ. ಅಚ್ಚಿನ ಸಾಮಗ್ರಿಯನ್ನು ವಿಚಾರಿಸದೆ ಆಯ್ಕೆ ಮಾಡಿದಲ್ಲಿ ಸಾಲದ ಹಣ ವ್ಯರ್ಥವಾಗುವುದಲ್ಲದೆ, ಕಾಯಿಸಿದ ಪ್ಲಾಸ್ಟಿಕ್ ಸಿಡಿದು ಸುಟ್ಟ ಗಾಯಗಳಾಗುವ ಅಪಾಯವೂ ಇದೆ. ಆದ್ದರಿಂದ ಅರ್ಜಿದಾರರು ಯೋಜನಾ ವರದಿಯನ್ನು ಸಿದ್ಧಪಡಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮೃದು ಪ್ಲಾಸ್ಟಿಕ್ ಎರೆ ಎಂದರೇನು?

ಅಮೆರಿಕದ ಒಹಾಯೊ ರಾಜ್ಯದ ಆಕ್ರಾನ್ ನಗರದಲ್ಲಿ ನಿಕ್ ಕ್ರೀಮ್ ಎಂಬುವವರು 1949ರಲ್ಲಿ ಎರೆಹುಳುವಿನ ಆಕಾರದ ಮೃದು ಪ್ಲಾಸ್ಟಿಕ್ ಎರೆಯನ್ನು ಅಚ್ಚಿನಲ್ಲಿ ಎರೆದು ತಯಾರಿಸಿದರು. ಮೂಲ ವಿಧಾನವು ಇಂದಿಗೂ ಹೆಚ್ಚು ಬದಲಾಗಿಲ್ಲ.

ಇದಕ್ಕೆ ಬಳಸುವ ಕಚ್ಚಾ ವಸ್ತುವನ್ನು ಪ್ಲಾಸ್ಟಿಸಾಲ್ ಎನ್ನುತ್ತಾರೆ. ಇದು ಪಿವಿಸಿ ಪುಡಿಯನ್ನು ಮೃದುಕಾರಕ ಎಣ್ಣೆಯಲ್ಲಿ ಬೆರೆಸಿದ, ಹಾಲಿನಂತೆ ಕಾಣುವ ದ್ರವ. ಇದನ್ನು ಸಾಮಾನ್ಯವಾಗಿ 160ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಪುಡಿಯು ಎಣ್ಣೆಯನ್ನು ಹೀರಿಕೊಂಡು, ದ್ರವವು ಮೊದಲು ಗಟ್ಟಿಯಾಗಿ, ನಂತರ ತಿಳಿಯಾಗಿ ಹರಿಯುತ್ತದೆ. ಈ ಹಂತದಲ್ಲಿ ಬಣ್ಣ ಹಾಗೂ ಮಿನುಗುಪುಡಿಯನ್ನು ಸೇರಿಸಿ ಅಚ್ಚಿಗೆ ಎರೆಯಲಾಗುತ್ತದೆ. ತಣಿದ ನಂತರ ಅದು ರಬ್ಬರಿನಂತೆ ಬಾಗುವ ವಸ್ತುವಾಗುತ್ತದೆ. ಕೆಟ್ಟ ತುಂಡುಗಳನ್ನು ಪುನಃ ಕರಗಿಸಿ ಎರೆಯಬಹುದಾದುದರಿಂದ ಕಚ್ಚಾ ವಸ್ತು ಹೆಚ್ಚಾಗಿ ನಷ್ಟವಾಗುವುದಿಲ್ಲ. ಆದರೆ ಮತ್ತೆ ಮತ್ತೆ ಕಾಯಿಸಿದಲ್ಲಿ ಬಣ್ಣ ಹಳದಿಗೆ ತಿರುಗುತ್ತದೆ.

ಈ ಭಾಗದ ಕೆರೆಗಳಲ್ಲಿ ದೊರೆಯುವ ಮುರ್ಲು, ಅಂದರೆ ಕೊರವ ಮೀನು, ಚಲಿಸುವ ಆಹಾರವನ್ನು ಬೆನ್ನಟ್ಟಿ ಹಿಡಿಯುವ ಸ್ವಭಾವದ್ದು. ಜೊಂಡು ಮತ್ತು ಪಾಚಿಯ ನಡುವೆ ಎಳೆಯಬಹುದಾದ ಕಪ್ಪೆಯಾಕಾರದ ಎರೆ ಇದಕ್ಕೆ ಸೂಕ್ತ. ಸಸ್ಯ ಹಾಗೂ ತೇಲುಜೀವಿಗಳನ್ನು ತಿನ್ನುವ ಕಾಟ್ಲಾ, ರೋಹು ಮೊದಲಾದ ಗೆಂಡೆ ಮೀನುಗಳಿಗೆ ಹಿಟ್ಟಿನ ಎರೆಯೇ ರೂಢಿಯಲ್ಲಿದೆ. ಆದುದರಿಂದ ಯಾವ ಮೀನಿಗೆ, ಯಾವ ಆಕಾರ ಎಂಬುದನ್ನು ಮೊದಲು ನಿರ್ಧರಿಸಿ, ಅನಂತರ ಅಚ್ಚಿನ ವಿಚಾರಕ್ಕೆ ಬರುವುದು ಉಚಿತ.

3. ಅಚ್ಚಿನಲ್ಲಿ ಇರಬೇಕಾದ ಗುಣಗಳು

ಯಾವುದೇ ಸಾಮಗ್ರಿಯನ್ನು ಆಯ್ಕೆ ಮಾಡುವಾಗ ಕೆಳಕಂಡ ಐದು ಅಂಶಗಳನ್ನು ಪರಿಶೀಲಿಸತಕ್ಕದ್ದು.

(ಅ) ಶಾಖ ಸಹಿಷ್ಣುತೆ: 180 ಡಿಗ್ರಿಯ ದ್ರವವನ್ನು ನೂರಾರು ಬಾರಿ ಎರೆದರೂ ಅಚ್ಚು ಮೆತ್ತಗಾಗಬಾರದು, ಸೀಳಬಾರದು.

(ಆ) ತೇವಾಂಶ: ಅಚ್ಚಿನೊಳಗೆ ನೀರು ಇರಲೇಬಾರದು.

(ಇ) ಬಿಡುವ ಗುಣ: ತಣಿದ ಎರೆಯು ಅಂಟದೆ, ಬಾಲ ಹರಿಯದೆ ಹೊರಬರಬೇಕು.

(ಈ) ವಿವರ ಹಿಡಿಯುವ ಗುಣ: ಮೀನಿನ ಪೊರೆ, ಕಣ್ಣು ಹಾಗೂ ತೆಳುವಾದ ಬಾಲ ಸ್ಪಷ್ಟವಾಗಿ ಮೂಡಬೇಕು.

(ಉ) ಬಾಳಿಕೆ: ಅಚ್ಚಿನ ಬೆಲೆಯನ್ನು ಅದು ಕೊಡುವ ತುಂಡುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತವು ಮಾರಾಟ ಬೆಲೆಗೆ ಹೊಂದಬೇಕು.

ಎರಡನೆಯ ಅಂಶದ ಬಗ್ಗೆ ಈ ಭಾಗದ ಅರ್ಜಿದಾರರು ವಿಶೇಷ ಗಮನ ಹರಿಸಬೇಕಾಗಿದೆ. ಕಬ್ಬು ಬೆಳೆಯುವ ಈ ಪ್ರದೇಶದಲ್ಲಿ ಆಲೆಮನೆಯ ಕೆಲಸ ಹಲವರಿಗೆ ಪರಿಚಿತ. ಅಲ್ಲಿ ಅಚ್ಚುಬೆಲ್ಲ ಅಂಟದಿರಲೆಂದು ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ ಬಳಸುವ ರೂಢಿಯಿದೆ. ಈ ರೂಢಿಯನ್ನು ಪ್ಲಾಸ್ಟಿಸಾಲ್‌ಗೆ ಅನ್ವಯಿಸಬಾರದು. ನೀರು 100 ಡಿಗ್ರಿಯಲ್ಲೇ ಆವಿಯಾಗುತ್ತದೆ. ಅದಕ್ಕಿಂತ ಬಹಳ ಬಿಸಿಯಾದ ಪ್ಲಾಸ್ಟಿಸಾಲ್ ಒದ್ದೆ ಅಚ್ಚನ್ನು ತಾಕಿದೊಡನೆ ನೀರು ಹಠಾತ್ತನೆ ಆವಿಯಾಗಿ, ಅಂಟುವ ಬಿಸಿ ದ್ರವವನ್ನು ಮುಖ ಹಾಗೂ ಕೈಗಳ ಮೇಲೆ ಚಿಮ್ಮಿಸುತ್ತದೆ. ಬೆಲ್ಲಕ್ಕೆ ನೀರು ಸಹಕಾರಿ. ಪ್ಲಾಸ್ಟಿಸಾಲ್‌ಗೆ ನೀರು ಅಪಾಯಕಾರಿ ಎಂಬುದನ್ನು ಕೆಲಸಗಾರರೆಲ್ಲರಿಗೂ ತಿಳಿಸತಕ್ಕದ್ದು.

4. ಲಭ್ಯವಿರುವ ಸಾಮಗ್ರಿಗಳು

4.1 ಪ್ಲಾಸ್ಟರ್ ಆಫ್ ಪ್ಯಾರಿಸ್

ಎಲ್ಲಕ್ಕಿಂತ ಅಗ್ಗವಾದ ಹಾಗೂ ಬಣ್ಣದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಮಗ್ರಿ ಇದು. ನೀರಿಗೆ ಪುಡಿಯನ್ನು ನಿಧಾನವಾಗಿ ಉದುರಿಸಿ, ಗುಳ್ಳೆ ಏಳದಂತೆ ಕಲಸಿ, ಮೂಲ ಮಾದರಿಯ ಮೇಲೆ ಸುರಿದರೆ ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದೇ ಬೇರೆ, ಒಣಗುವುದೇ ಬೇರೆ. ಗಟ್ಟಿಯಾದ ಅಚ್ಚಿನ ರಂಧ್ರಗಳಲ್ಲಿ ಹೆಚ್ಚುವರಿ ನೀರು ಉಳಿದೇ ಇರುತ್ತದೆ. ಅದು ಪೂರ್ಣವಾಗಿ ಹೋಗಲು ಹಲವು ದಿನಗಳು ಬೇಕು.

ಅಚ್ಚು ಒಣಗಿದೆಯೆಂದು ಕೈಯಿಂದ ಮುಟ್ಟಿ ನಿರ್ಧರಿಸಬಾರದು. ಪ್ರತಿದಿನ ಒಂದೇ ಸಮಯದಲ್ಲಿ ತಕ್ಕಡಿಯಲ್ಲಿ ತೂಗಿ ತೂಕವನ್ನು ಬರೆದಿಡಬೇಕು. ಸತತ ಎರಡು ದಿನ ತೂಕ ಇಳಿಯದಿದ್ದಲ್ಲಿ ಮಾತ್ರ ಒಣಗಿದೆಯೆಂದು ತಿಳಿಯಬೇಕು. ಬೇಸಿಗೆಯಲ್ಲಿ ಗಾಳಿಯಾಡುವ ಸ್ಥಳದಲ್ಲಿ ಇದು ಬೇಗ ಆಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿಯೇ ತೇವವಿರುವುದರಿಂದ ತೂಕ ಇಳಿಯದಿರುವುದು ಮಾತ್ರ ಸಾಕಾದ ಪುರಾವೆಯಲ್ಲ. ಅಂತಹ ಸಮಯದಲ್ಲಿ ಬೆಚ್ಚನೆಯ ಪೆಟ್ಟಿಗೆಯಲ್ಲಿ 45ರಿಂದ 50 ಡಿಗ್ರಿಯಷ್ಟು ಶಾಖದಲ್ಲಿ ಒಣಗಿಸಿ ಪುನಃ ತೂಗಬೇಕು. ಬೇಗ ಒಣಗಲೆಂದು ಒಲೆಯ ಮೇಲಿಟ್ಟು ಹೆಚ್ಚು ಕಾಯಿಸಿದರೆ ಪ್ಲಾಸ್ಟರ್ ತನ್ನ ಬಲ ಕಳೆದುಕೊಂಡು ಪುಡಿಯಾಗುತ್ತದೆ.

ಒಣಗಿದ ನಂತರ ಒಳಮೈಗೆ ನೀರು ಬೆರೆಸಿದ ಬಿಳಿ ಮರಗೋಂದನ್ನಾಗಲಿ, ಶಾಖ ತಡೆಯುವ ಎಪಾಕ್ಸಿಯನ್ನಾಗಲಿ ತೆಳುವಾಗಿ ಎರಡು ಮೂರು ಬಾರಿ ಹಚ್ಚಿ, ಪ್ರತಿ ಬಾರಿಯೂ ಚೆನ್ನಾಗಿ ಒಣಗಿಸಬೇಕು. ಹೀಗೆ ರಂಧ್ರಗಳನ್ನು ಮುಚ್ಚದಿದ್ದಲ್ಲಿ ಎರೆಯ ಮೈ ಮಂಕಾಗಿಯೂ ಗುಳ್ಳೆಗಳಿಂದ ಕೂಡಿಯೂ ಇರುತ್ತದೆ. ಪ್ಲಾಸ್ಟರ್ ಅಚ್ಚಿನ ಅಂಚುಗಳು ಬೇಗ ಮುಕ್ಕಾಗುವುದರಿಂದ ಹೊಸ ಆಕಾರವನ್ನು ಪರೀಕ್ಷಿಸಲು ಹಾಗೂ ಕೆಲಸ ಕಲಿಯಲು ಇದು ಸೂಕ್ತ. ದೀರ್ಘಕಾಲದ ಉತ್ಪಾದನೆಗೆ ಸೂಕ್ತವಲ್ಲ.

4.2 ಸಿಲಿಕೋನ್ ರಬ್ಬರ್

ಕೋಣೆಯ ಶಾಖದಲ್ಲಿಯೇ ಗಟ್ಟಿಯಾಗುವ ಎರಡು ಭಾಗಗಳ ಸಿಲಿಕೋನ್ ದ್ರವವನ್ನು ಬೆರೆಸಿ ಮೂಲ ಮಾದರಿಯ ಸುತ್ತ ಸುರಿಯಲಾಗುತ್ತದೆ. ಸಿಲಿಕೋನ್ ಸಾಮಾನ್ಯವಾಗಿ 200 ಡಿಗ್ರಿಯಷ್ಟು ಶಾಖವನ್ನು ತಡೆಯುತ್ತದೆ, ನೀರು ಹೀರುವುದಿಲ್ಲ, ಪ್ಲಾಸ್ಟಿಸಾಲ್ ಅದಕ್ಕೆ ಅಂಟುವುದಿಲ್ಲ. ಬಾಗುವ ಗುಣವಿರುವುದರಿಂದ ಕಪ್ಪೆಯ ಕಾಲಿನಂತಹ ಒಳಬಾಗಿದ ಆಕಾರಗಳೂ ಸುಲಭವಾಗಿ ಹೊರಬರುತ್ತವೆ. ಮಾದರಿಯ ಮೈ ಹೇಗಿದೆಯೋ ಹಾಗೆಯೇ ಅಚ್ಚು ಮೂಡುತ್ತದೆ. ಮಾದರಿ ನುಣುಪಾಗಿದ್ದರೆ ಎರೆ ಹೊಳೆಯುತ್ತದೆ. ಮಾದರಿಯ ಮೇಲೆ ಬೆರಳಚ್ಚಿದ್ದರೆ ಅದೂ ಮೂಡುತ್ತದೆ.

ಸಿಲಿಕೋನ್‌ನಲ್ಲಿ ತವರ ಆಧಾರಿತ ಮತ್ತು ಪ್ಲಾಟಿನಂ ಆಧಾರಿತ ಎಂಬ ಎರಡು ವಿಧಗಳಿವೆ. ತವರ ಆಧಾರಿತವು ಅಗ್ಗ ಹಾಗೂ ಹೆಚ್ಚಿನ ಮಾದರಿಗಳ ಮೇಲೆ ತೊಂದರೆಯಿಲ್ಲದೆ ಗಟ್ಟಿಯಾಗುತ್ತದೆ. ಆದರೆ ಸ್ವಲ್ಪ ಕುಗ್ಗುತ್ತದೆ ಮತ್ತು ಕೆಲವು ವರ್ಷಗಳಲ್ಲಿ ಹರಿಯತೊಡಗುತ್ತದೆ. ಪ್ಲಾಟಿನಂ ಆಧಾರಿತವು ದುಬಾರಿ, ಆದರೆ ಅಳತೆ ಕೆಡುವುದಿಲ್ಲ, ಬಾಳಿಕೆಯೂ ಹೆಚ್ಚು. ಇದಕ್ಕೆ ಒಂದು ದೌರ್ಬಲ್ಯವಿದೆ: ಗಂಧಕವಿರುವ ಮಾದರಿ ಮಣ್ಣು, ಗಂಧಕವಿರುವ ರಬ್ಬರ್ ಕೈಗವಸು ಅಥವಾ ತವರ ಆಧಾರಿತ ಸಿಲಿಕೋನ್‌ನ ಅವಶೇಷ ತಾಗಿದ ಕಡೆ ಅದು ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಆದ್ದರಿಂದ ಪೂರ್ಣ ಪ್ರಮಾಣವನ್ನು ಸುರಿಯುವ ಮೊದಲು ಮಾದರಿಯ ಒಂದು ಮೂಲೆಯಲ್ಲಿ ಅಲ್ಪ ಪ್ರಮಾಣವನ್ನು ಹಚ್ಚಿ ಪರೀಕ್ಷಿಸಬೇಕು.

ಸಿಲಿಕೋನ್ ಶಾಖವನ್ನು ನಿಧಾನವಾಗಿ ಬಿಡುವುದರಿಂದ ಒಂದೊಂದು ತುಂಡು ತಣಿಯಲು ಹೆಚ್ಚು ಸಮಯ ಬೇಕು. ಒಂದೇ ಅಚ್ಚನ್ನು ಕಾಯುತ್ತ ಕೂರುವ ಬದಲು ಹಲವು ಅಚ್ಚುಗಳನ್ನು ಸಾಲಾಗಿಟ್ಟು ಎರೆಯುವುದು ರೂಢಿ. ಒತ್ತಡದಿಂದ ತುಂಬುವ ಎರಡು ಹೋಳಿನ ಅಚ್ಚಾದಲ್ಲಿ, ಹೋಳುಗಳು ಉಬ್ಬದಂತೆ ಎರಡೂ ಕಡೆ ಹಲಗೆಯನ್ನಿಟ್ಟು ಬಿಗಿಯಬೇಕು.

4.3 ಅಲ್ಯೂಮಿನಿಯಂ

ಹೆಚ್ಚಿನ ಪ್ರಮಾಣದ ಉತ್ಪಾದನೆಗೆ ಅಲ್ಯೂಮಿನಿಯಂ ಗಟ್ಟಿಯಲ್ಲಿ ಗಣಕಯಂತ್ರ ನಿಯಂತ್ರಿತ ಯಂತ್ರದಿಂದ ಕೊರೆದ ಎರಡು ಹೋಳಿನ ಅಚ್ಚನ್ನು ಬಳಸಲಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುವುದರಿಂದ ಪ್ಲಾಸ್ಟಿಸಾಲ್‌ನ ಶಾಖ ಅದಕ್ಕೆ ಲೆಕ್ಕಕ್ಕಿಲ್ಲ. ಶಾಖವನ್ನು ಸಿಲಿಕೋನ್‌ಗಿಂತ ನೂರಾರು ಪಟ್ಟು ವೇಗವಾಗಿ ಹರಿಸುವುದರಿಂದ ತುಂಡುಗಳು ಬೇಗ ತಣಿಯುತ್ತವೆ. ಉಕ್ಕಿಗಿಂತ ಮೃದುವಾದುದರಿಂದ ಕೊರೆಯುವ ವೆಚ್ಚವೂ ಕಡಿಮೆ.

ಇದೇ ಗುಣವು ಪ್ರಾರಂಭದಲ್ಲಿ ದೋಷವಾಗಿ ಕಾಣುತ್ತದೆ. ತಣ್ಣನೆಯ ಅಚ್ಚಿಗೆ ಎರೆದ ಪ್ಲಾಸ್ಟಿಸಾಲ್ ಬಾಲದ ತುದಿಯನ್ನು ತಲುಪುವ ಮೊದಲೇ ಗಟ್ಟಿಯಾಗಿ, ಮೊದಲ ಕೆಲವು ತುಂಡುಗಳು ಸುಕ್ಕಾಗಿಯೋ ಅರ್ಧವಾಗಿಯೋ ಬರುತ್ತವೆ. ಅಚ್ಚನ್ನು ಮುಂಚಿತವಾಗಿ ಬೆಚ್ಚಗೆ ಮಾಡಿಕೊಂಡಲ್ಲಿ ಇದು ನಿವಾರಣೆಯಾಗುತ್ತದೆ. ಬಾಲದ ತುದಿಯಲ್ಲಿ ಗಾಳಿ ಹೊರಹೋಗಲು ಸಣ್ಣ ಗೀರುಗಳಿರಬೇಕು. ಅವಿಲ್ಲದಿದ್ದಲ್ಲಿ ಸಿಕ್ಕಿಕೊಂಡ ಗಾಳಿಯು ಬಾಲದಲ್ಲಿ ಗುಂಡಿ ಮಾಡುತ್ತದೆ. ಯಂತ್ರದ ಕೆಲಸ ಮಾಡಿಸುವಾಗ ಈ ಗೀರುಗಳನ್ನು ನಕಾಶೆಯಲ್ಲಿಯೇ ತೋರಿಸುವಂತೆ ಕೇಳಬೇಕು. ಒಮ್ಮೆ ಕೊರೆದ ಆಕಾರವನ್ನು ಬದಲಾಯಿಸಲಾಗದೆಂಬುದು ಅಲ್ಯೂಮಿನಿಯಂನ ದೊಡ್ಡ ಮಿತಿಯಾಗಿದೆ.

4.4 ರಾಳಗಳು

ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರಾಳ ಹಾಗೂ ಎಪಾಕ್ಸಿ ರಾಳಗಳಿಂದಲೂ ಅಚ್ಚು ಮಾಡಬಹುದು. ಆದರೆ ಅಂಗಡಿಯಲ್ಲಿ ಸಿಗುವ ಸಾಧಾರಣ ಎಪಾಕ್ಸಿಯು 60 ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗತೊಡಗುತ್ತದೆ. ಹೆಚ್ಚಿನ ಶಾಖಕ್ಕೆಂದೇ ತಯಾರಾದ ರಾಳವನ್ನು ಮಾತ್ರ ಬಳಸಬೇಕು ಮತ್ತು ತಯಾರಕರ ಮಾಹಿತಿ ಪತ್ರದಲ್ಲಿ ಶಾಖದ ಮಿತಿಯನ್ನು ನೋಡಿಯೇ ಖರೀದಿಸಬೇಕು.

4.5 ಮರ ಮತ್ತು ಮೂರು ಆಯಾಮದ ಮುದ್ರಣ

ಮರವು ತೇವವನ್ನು ಹಿಡಿದಿಡುವುದರಿಂದ ಅಚ್ಚಿಗೆ ಯೋಗ್ಯವಲ್ಲ. ಮೂಲ ಮಾದರಿಯನ್ನು ಕೆತ್ತಲು ಉತ್ತಮ. ಮೂರು ಆಯಾಮದ ಮುದ್ರಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಕೂಡ 60 ಡಿಗ್ರಿಯ ಸಮೀಪ ಮೆತ್ತಗಾಗುತ್ತದೆ. ಆದುದರಿಂದ ಮುದ್ರಿಸಿದ ವಸ್ತುವಿಗೆ ನೇರವಾಗಿ ಪ್ಲಾಸ್ಟಿಸಾಲ್ ಎರೆಯಬಾರದು. ಅದನ್ನು ಮೂಲ ಮಾದರಿಯಾಗಿ ಬಳಸಿ, ಮೈಯನ್ನು ಮರಳುಕಾಗದದಿಂದ ನುಣುಪು ಮಾಡಿ, ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆಯುವುದು ಸರಿಯಾದ ಕ್ರಮ.

5. ಮೂಲ ಮಾದರಿಯ ಬಗ್ಗೆ ಎಚ್ಚರಿಕೆ

ಅಂಗಡಿಯಲ್ಲಿ ಕೊಂಡ ಎರೆಯನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆಯುವುದು ಸುಲಭವೆನಿಸುತ್ತದೆ. ಆದರೆ ವಸ್ತುವಿನ ಆಕಾರವು ವಿನ್ಯಾಸ ಅಧಿನಿಯಮ, 2000ರ ಅಡಿಯಲ್ಲಿ ನೋಂದಣಿಯಾಗಿದ್ದಲ್ಲಿ ಮೊದಲು 10 ವರ್ಷ, ನವೀಕರಿಸಿದಲ್ಲಿ ಮತ್ತೆ 5 ವರ್ಷ ಅದರ ಹಕ್ಕು ನೋಂದಾಯಿಸಿದವರದಾಗಿರುತ್ತದೆ. ಅದನ್ನು ನಕಲು ಮಾಡಿ ಮಾರಾಟ ಮಾಡಿದವರು ಪರಿಹಾರ ನೀಡಬೇಕಾಗಿ ಬರಬಹುದು. ತಾವೇ ಕೆತ್ತಿದ ಅಥವಾ ಕೆತ್ತಿಸಿದ ಮಾದರಿಯನ್ನು ಬಳಸುವುದು ಸುರಕ್ಷಿತ. ಹೊಸ ಆಕಾರವಾದಲ್ಲಿ ಅರ್ಜಿದಾರರು ಸ್ವತಃ ಅದನ್ನು ನೋಂದಾಯಿಸಿಕೊಳ್ಳಲೂ ಅವಕಾಶವಿದೆ. ಆದರೆ ಮಾರಾಟಕ್ಕೆ ಬಿಡುವ ಮುನ್ನವೇ ಅರ್ಜಿ ಸಲ್ಲಿಸಬೇಕು.

6. ವೆಚ್ಚದ ಲೆಕ್ಕ

ಅಚ್ಚಿನ ಬೆಲೆಯನ್ನು ಮಾತ್ರ ನೋಡಿ ಅಗ್ಗವೆಂದೋ ದುಬಾರಿಯೆಂದೋ ತೀರ್ಮಾನಿಸಬಾರದು. ಲೆಕ್ಕದ ಕ್ರಮವನ್ನು ತಿಳಿಸಲು ಊಹಿಸಿದ ಅಂಕಿಗಳಿಂದ ಒಂದು ಉದಾಹರಣೆಯನ್ನು ನೀಡಲಾಗಿದೆ. ಅರ್ಜಿದಾರರು ಈ ಅಂಕಿಗಳ ಬದಲಿಗೆ ತಾವು ಪಡೆದ ದರಪಟ್ಟಿಯ ಅಂಕಿಗಳನ್ನು ಹಾಕಿಕೊಳ್ಳಬೇಕು.

ಪ್ಲಾಸ್ಟರ್ ಅಚ್ಚೊಂದಕ್ಕೆ ಸಾಮಗ್ರಿ 100 ರೂ., ಕೂಲಿ 150 ರೂ., ಒಟ್ಟು 250 ರೂ.; ಅದರಿಂದ 50 ತುಂಡುಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ತುಂಡೊಂದಕ್ಕೆ ಅಚ್ಚಿನ ವೆಚ್ಚ 5 ರೂ.

ಸಿಲಿಕೋನ್ ಅಚ್ಚೊಂದಕ್ಕೆ ಸಾಮಗ್ರಿ 2,000 ರೂ., ಕೂಲಿ 150 ರೂ., ಒಟ್ಟು 2,150 ರೂ.; ಅದರಿಂದ 500 ತುಂಡುಗಳು. ತುಂಡೊಂದಕ್ಕೆ 4 ರೂ. 30 ಪೈಸೆ.

ಅಲ್ಯೂಮಿನಿಯಂ ಅಚ್ಚೊಂದಕ್ಕೆ 15,000 ರೂ.; ಅದರಿಂದ 10,000 ತುಂಡುಗಳು. ತುಂಡೊಂದಕ್ಕೆ 1 ರೂ. 50 ಪೈಸೆ.

ಮೇಲ್ನೋಟಕ್ಕೆ ಅಲ್ಯೂಮಿನಿಯಂ ಲಾಭಕರ. ಆದರೆ ಮೊದಲ ವರ್ಷದಲ್ಲಿ 1,000 ತುಂಡುಗಳು ಮಾತ್ರ ಮಾರಾಟವಾದಲ್ಲಿ ಅಲ್ಯೂಮಿನಿಯಂನ ವೆಚ್ಚ ತುಂಡಿಗೆ 15 ರೂ. ಆಗುತ್ತದೆ, ಅದೇ 1,000 ತುಂಡುಗಳಿಗೆ 2 ಸಿಲಿಕೋನ್ ಅಚ್ಚುಗಳು ಸಾಕಾಗಿ, ಒಟ್ಟು ವೆಚ್ಚ 4,300 ರೂ. ಮಾತ್ರ. ಮಾರಾಟವು 3,000 ದಾಟಿದಾಗ ಏಳನೆಯ ಸಿಲಿಕೋನ್ ಅಚ್ಚು ಬೇಕಾಗಿ ಒಟ್ಟು ವೆಚ್ಚ 15,050 ರೂ.ಗೆ ಏರುತ್ತದೆ. ಅಲ್ಲಿಂದ ಮುಂದೆ ಅಲ್ಯೂಮಿನಿಯಂ ಅಗ್ಗ. ಪ್ಲಾಸ್ಟರ್ ಸಾಮಗ್ರಿಯಾಗಿ ಅಗ್ಗವಾದರೂ ಪುನಃ ಪುನಃ ಮಾಡಬೇಕಾದ ಕೂಲಿಯನ್ನು ಸೇರಿಸಿದಾಗ ಸಿಲಿಕೋನ್‌ಗಿಂತ ದುಬಾರಿಯಾಗಿರುವುದನ್ನೂ ಗಮನಿಸಬೇಕು. ಸ್ವಂತ ಮನೆಯವರು ಮಾಡುವ ಕೆಲಸಕ್ಕೆ ಕೂಲಿ ಬರೆಯದಿರುವುದು ಸಣ್ಣ ಉದ್ದಿಮೆಗಳ ಲೆಕ್ಕದಲ್ಲಿ ಕಂಡುಬರುವ ಸಾಮಾನ್ಯ ತಪ್ಪು. ಅದರಿಂದ ಲಾಭವಿದ್ದಂತೆ ಕಂಡರೂ ಕೈಯಲ್ಲಿ ಹಣ ಉಳಿಯುವುದಿಲ್ಲ.

ಆದುದರಿಂದ ಮೂರು ಹಂತಗಳಲ್ಲಿ ಮುಂದುವರಿಯುವುದು ಸೂಕ್ತ. ಮೊದಲು ಪ್ಲಾಸ್ಟರ್‌ನಲ್ಲಿ ಆಕಾರವನ್ನು ಪರೀಕ್ಷಿಸುವುದು. ಮೀನು ಹಿಡಿಯುವವರಿಗೆ ಕೊಟ್ಟು ನೀರಿನಲ್ಲಿ ನೋಡಿದ ಬಳಿಕ ಸಿಲಿಕೋನ್‌ನಲ್ಲಿ ಮಾರಾಟಕ್ಕೆ ಎರೆಯುವುದು. ಒಂದೇ ಆಕಾರಕ್ಕೆ ನಿರಂತರ ಬೇಡಿಕೆ ಇದೆಯೆಂದು ಮಾರಾಟದ ಪುಸ್ತಕದಿಂದ ಖಚಿತವಾದ ಮೇಲೆ ಮಾತ್ರ ಆ ಆಕಾರಕ್ಕೆ ಅಲ್ಯೂಮಿನಿಯಂ ಅಚ್ಚು ಮಾಡಿಸುವುದು. ಸಾಲ ಪಡೆದ ಮೊದಲ ತಿಂಗಳಲ್ಲಿಯೇ ಅಲ್ಯೂಮಿನಿಯಂ ಅಚ್ಚು ಕೊಂಡು, ಆ ಆಕಾರ ಮಾರಾಟವಾಗದಿದ್ದಲ್ಲಿ, ಅಚ್ಚು ಗುಜರಿಯ ಬೆಲೆಗೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ.

7. ಸುರಕ್ಷತಾ ಕ್ರಮಗಳು

(1) ಪ್ಲಾಸ್ಟಿಸಾಲ್‌ನ ಶಾಖ 200 ಡಿಗ್ರಿಯನ್ನು ಸಮೀಪಿಸಿದರೆ ಅದು ಕಂದುಬಣ್ಣಕ್ಕೆ ತಿರುಗಿ ಹೈಡ್ರೋಜನ್ ಕ್ಲೋರೈಡ್ ಎಂಬ ಕಣ್ಣು ಮತ್ತು ಗಂಟಲು ಉರಿಸುವ ಅನಿಲವನ್ನು ಬಿಡುತ್ತದೆ. ಅಂದಾಜಿನ ಮೇಲೆ ಕಾಯಿಸದೆ ಉಷ್ಣಮಾಪಕವನ್ನು ಕಡ್ಡಾಯವಾಗಿ ಬಳಸಬೇಕು. ಉಷ್ಣ ನಿಯಂತ್ರಕವಿರುವ ವಿದ್ಯುತ್ ಒಲೆ ಉತ್ತಮ.

(2) ಅಡುಗೆಮನೆಯಲ್ಲಿ ಅಥವಾ ಮಲಗುವ ಕೋಣೆಯಲ್ಲಿ ಈ ಕೆಲಸ ಮಾಡಬಾರದು. ಎರಡು ಕಡೆ ಗಾಳಿಯಾಡುವ ಜಾಗದಲ್ಲಿ, ಹೊಗೆಯನ್ನು ಹೊರದಬ್ಬುವ ಫ್ಯಾನು ಹಾಕಿ ಮಾಡಬೇಕು. ಒಮ್ಮೆ ಪ್ಲಾಸ್ಟಿಸಾಲ್ ಕಾಯಿಸಿದ ಪಾತ್ರೆಯನ್ನು ತೊಳೆದರೂ ಅಡುಗೆಗೆ ಬಳಸಬಾರದು.

(3) ಕನ್ನಡಕ, ಶಾಖ ತಡೆಯುವ ಕೈಗವಸು, ತುಂಬುತೋಳಿನ ಹತ್ತಿಯ ಅಂಗಿ ಮತ್ತು ಮುಚ್ಚಿದ ಪಾದರಕ್ಷೆ ಧರಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು, ಕೆಲಸಕ್ಕೂ ತೊಡಗಿಸಬಾರದು.

(4) ಬಿಸಿ ದ್ರವ ಮೈಮೇಲೆ ಬಿದ್ದಲ್ಲಿ ಕೂಡಲೇ 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಚರ್ಮಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಕೀಳಬಾರದು. ಹಲ್ಲಿನ ಪೇಸ್ಟು, ಶಾಯಿ, ಎಣ್ಣೆ ಹಚ್ಚಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

(5) ಮೃದುಕಾರಕ ಎಣ್ಣೆಯನ್ನು ಕೊಳ್ಳುವಾಗ ಥ್ಯಾಲೇಟ್ ರಹಿತವೆಂದು ನಮೂದಿಸಿದ ಸರಕನ್ನೇ ಕೇಳಬೇಕು. ಕೆಲವು ಥ್ಯಾಲೇಟ್‌ಗಳು ಸಂತಾನಶಕ್ತಿಗೆ ಹಾನಿಕರವೆಂದು ಗುರುತಿಸಲ್ಪಟ್ಟಿವೆ. ಎರೆಗೆ ತೂಕ ಕೊಡಲು ಸೀಸವನ್ನು ಕರಗಿಸುವುದನ್ನು ಬಿಟ್ಟು ಉಕ್ಕಿನ ಗುಂಡುಗಳನ್ನು ಬಳಸುವುದು ಆರೋಗ್ಯಕ್ಕೂ ನದಿಗೂ ಹಿತ.

(6) ಸಿದ್ಧವಾದ ಎರೆಗಳನ್ನು ಗಡಸು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿದರೆ ಮೃದುಕಾರಕವು ಡಬ್ಬಿಯನ್ನು ಕರಗಿಸುವ ಸಂಭವವಿದೆ. ಪಾಲಿಥೀನ್ ಚೀಲದಲ್ಲಿ, ಬಣ್ಣಬಣ್ಣದವುಗಳನ್ನು ಬೇರೆ ಬೇರೆಯಾಗಿ ತುಂಬಬೇಕು.

8. ನದಿ ಮತ್ತು ಮೀನಿನ ಸಂರಕ್ಷಣೆ

ನಂಜನಗೂಡಿನ ಸ್ನಾನಘಟ್ಟಗಳು ಹಾಗೂ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಸಾವಿರಾರು ಭಕ್ತರು ಸ್ನಾನ ಮಾಡುತ್ತಾರೆ. ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದ್ದು, 2025ರ ಫೆಬ್ರವರಿಯಲ್ಲಿಯೂ ನಡೆದಿದೆ. ನೀರಿನಲ್ಲಿ ಕಳೆದುಹೋದ ಎರೆಯು ಕೊಳೆಯುವುದಿಲ್ಲ. ಅದನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಹಾಗೆಯೇ ಉಳಿಯುತ್ತದೆ. ಅದರೊಡನಿರುವ ಗಾಳವು ಸ್ನಾನಕ್ಕಿಳಿದವರ ಕಾಲಿಗೂ, ನೀರುನಾಯಿಗಳಿಗೂ ಅಪಾಯ. ಆದುದರಿಂದ ಪ್ರತಿ ಪೊಟ್ಟಣದ ಮೇಲೆ ‘ಹರಿದ ಎರೆಯನ್ನು ನೀರಿಗೆ ಎಸೆಯಬೇಡಿ’ ಎಂದು ಕನ್ನಡದಲ್ಲಿ ಮುದ್ರಿಸುವುದು ಹಾಗೂ ಹಳೆಯ ಎರೆಗಳನ್ನು ಮರಳಿ ಪಡೆದು ಕರಗಿಸಿ ಬಳಸುವುದು ಒಳ್ಳೆಯ ಪದ್ಧತಿ. ಇದರಿಂದ ಕಚ್ಚಾ ವಸ್ತುವಿನ ಖರ್ಚೂ ಇಳಿಯುತ್ತದೆ.

ಸವೆದ ಪ್ಲಾಸ್ಟರ್ ಅಚ್ಚುಗಳನ್ನು ನದಿ ಅಥವಾ ಕೆರೆಗೆ ಹಾಕಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿ ವಿಸರ್ಜನೆಗೆ ಸಂಬಂಧಿಸಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ನಿಷೇಧಿಸಿದ್ದು, ಅದರ ಹಿಂದಿನ ಕಾರಣವು ಅಚ್ಚಿಗೂ ಅನ್ವಯಿಸುತ್ತದೆ.

ಕಾವೇರಿ ಕಣಿವೆಗೆ ಮಾತ್ರ ಸೀಮಿತವಾದ ಗೂನುಬೆನ್ನಿನ ಮಹಸೀರ್ ಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅತಿ ಗಂಭೀರ ಅಪಾಯದಲ್ಲಿರುವ ಜಾತಿಯೆಂದು ಸೇರಿಸಲಾಗಿದೆ. ಗಾಳಕ್ಕೆ ಸಿಕ್ಕಲ್ಲಿ ಅದನ್ನು ಗಾಯಗೊಳಿಸದೆ ನೀರಿಗೆ ಬಿಡುವಂತೆ ಖರೀದಿದಾರರಿಗೆ ತಿಳಿಸುವುದು ಮಾರಾಟಗಾರರ ನೈತಿಕ ಹೊಣೆ. ಒಳನಾಡು ಮೀನುಗಾರಿಕೆಯು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ವಿನಿಯಮನ) ಅಧಿನಿಯಮ, 1996ಕ್ಕೆ ಒಳಪಟ್ಟಿದೆ. ಎರೆ ತಯಾರಿಸುವ ನೋಂದಣಿಯು ಮೀನು ಹಿಡಿಯುವ ಪರವಾನಗಿ ಅಲ್ಲ ಎಂಬುದನ್ನು ಗಮನಿಸತಕ್ಕದ್ದು.

9. ಅರ್ಜಿ ಮತ್ತು ಯೋಜನಾ ವರದಿ

(ಅ) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳಿಂದ ಸರ್ಕಾರದ ಜಾಲತಾಣದಲ್ಲಿ ಪಡೆಯಬಹುದು. ಇದು ಸಂಪೂರ್ಣ ಉಚಿತ. ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ.

(ಆ) ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮ: 2021-22ರಿಂದ 2025-26ರವರೆಗಿನ ಅವಧಿಗೆ ಅನುಮೋದನೆಯಾದ ಮಾರ್ಗಸೂಚಿಯಂತೆ ತಯಾರಿಕಾ ಘಟಕಗಳಿಗೆ 50 ಲಕ್ಷ ರೂ.ವರೆಗಿನ ಯೋಜನೆಗಳನ್ನು ಪರಿಗಣಿಸಲಾಗಿದ್ದು, ಸಹಾಯಧನವು ವರ್ಗ ಮತ್ತು ಸ್ಥಳಕ್ಕೆ ಅನುಗುಣವಾಗಿ ಶೇ. 15ರಿಂದ ಶೇ. 35ರವರೆಗೆ ಇತ್ತು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಮೈಸೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

(ಇ) ಪಿಎಂ ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಪ್ರಾರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಮೀನುಬಲೆ ತಯಾರಕರು ಸೇರಿದ್ದಾರೆ. ಪ್ಲಾಸ್ಟಿಕ್ ಎರೆ ತಯಾರಿಕೆಯು ಪ್ರತ್ಯೇಕ ಕಸುಬಾಗಿ ಸೇರಿಲ್ಲ. ಬಲೆ ಹೆಣೆಯದವರು ಬಲೆ ತಯಾರಕರೆಂದು ಅರ್ಜಿ ಸಲ್ಲಿಸುವುದು ತಪ್ಪು ಮಾಹಿತಿಯಾಗುತ್ತದೆ.

(ಈ) ಘಟಕವು ಮಾಲಿನ್ಯದ ದೃಷ್ಟಿಯಿಂದ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದಲೂ, ಕಟ್ಟಡದ ವ್ಯಾಪಾರ ಪರವಾನಗಿಯನ್ನು ಸ್ಥಳೀಯ ಸಂಸ್ಥೆಯಿಂದಲೂ ಮುಂಚಿತವಾಗಿ ಲಿಖಿತದಲ್ಲಿ ಪಡೆಯಬೇಕು.

(ಉ) ಯೋಜನಾ ವರದಿಯಲ್ಲಿ ಅಚ್ಚಿನ ಸಾಮಗ್ರಿ, ಅದನ್ನು ಆಯ್ಕೆ ಮಾಡಿದ ಕಾರಣ, ಅಚ್ಚುಗಳ ಸಂಖ್ಯೆ, ಪ್ರತಿ ಅಚ್ಚಿನ ನಿರೀಕ್ಷಿತ ಬಾಳಿಕೆ, ಕನಿಷ್ಠ ಎರಡು ದರಪಟ್ಟಿಗಳು, ತುಂಡೊಂದರ ವೆಚ್ಚ ಹಾಗೂ ಸುರಕ್ಷತಾ ಸಲಕರಣೆಗಳ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು. ‘ಅಚ್ಚುಗಳು’ ಎಂದು ಒಂದೇ ಸಾಲಿನಲ್ಲಿ ಮೊತ್ತ ಬರೆದ ವರದಿಯಿಂದ ಬ್ಯಾಂಕಿನವರಿಗೆ ಘಟಕದ ಸಾಧ್ಯತೆ ತಿಳಿಯುವುದಿಲ್ಲ.

ತಾಂತ್ರಿಕ ಸಲಹೆಗಾಗಿ, ಅಚ್ಚಿನ ವಿನ್ಯಾಸಕ್ಕೆ ಮೈಸೂರಿನಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನೂ, ಪ್ಲಾಸ್ಟಿಕ್ ಸಂಸ್ಕರಣೆಗೆ ಮೈಸೂರಿನ ಸಿಪೆಟ್ ಸಂಸ್ಥೆಯನ್ನೂ ಸಂಪರ್ಕಿಸಬಹುದು.

10. ಸಾಮಾನ್ಯವಾಗಿ ಏಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಪ್ಲಾಸ್ಟಿಕ್ ನಿಷೇಧವು ಈ ಎರೆಗಳಿಗೆ ಅನ್ವಯಿಸುತ್ತದೆಯೇ?
ಉತ್ತರ: 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾದ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿ ಮೀನಿನ ಎರೆಯ ಹೆಸರಿಲ್ಲ. ಆದರೆ ಎರೆಗಳನ್ನು ತುಂಬುವ ಚೀಲಗಳು ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತವೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಪ್ಲಾಸ್ಟಿಕ್ ಚೀಲಗಳನ್ನು ಕರಗಿಸಿ ಎರೆ ಮಾಡಬಹುದೇ?
ಉತ್ತರ: ಸಾಧ್ಯವಿಲ್ಲ. ಅವು ಬೇರೆ ಜಾತಿಯ ಪ್ಲಾಸ್ಟಿಕ್. ತಣಿದಾಗ ಗಡಸಾಗುತ್ತವೆ ಮತ್ತು ಕರಗಿಸುವಾಗ ಹಾನಿಕಾರಕ ಹೊಗೆ ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಪ್ಲಾಸ್ಟರ್ ಅಚ್ಚನ್ನು ಉಪಯೋಗಿಸದೆ ಇಟ್ಟಿದ್ದರೆ ಪುನಃ ಒಣಗಿಸಬೇಕೇ?
ಉತ್ತರ: ಹೌದು. ಪ್ಲಾಸ್ಟರ್ ಗಾಳಿಯ ತೇವವನ್ನು ಹೀರುತ್ತದೆ. ಮೊದಲು ಬರೆದಿಟ್ಟ ಒಣ ತೂಕದೊಂದಿಗೆ ಹೋಲಿಸಿ, ಹೆಚ್ಚಿದ್ದಲ್ಲಿ ಒಣಗಿಸಿಯೇ ಬಳಸಬೇಕು.

ಪ್ರಶ್ನೆ: ಒಂದೇ ಸಾಮಗ್ರಿಯನ್ನು ಆಯ್ಕೆ ಮಾಡಬೇಕಾದಲ್ಲಿ ಯಾವುದು ಸೂಕ್ತ?
ಉತ್ತರ: ಪ್ರಾರಂಭಿಕ ಘಟಕಕ್ಕೆ ಸಿಲಿಕೋನ್ ಸೂಕ್ತವೆಂದು ಹೇಳಬಹುದು. ನೀರು ಹೀರದಿರುವುದರಿಂದ ಸಿಡಿಯುವ ಅಪಾಯ ಕಡಿಮೆ ಮತ್ತು ಆಕಾರ ಬದಲಾದರೂ ನಷ್ಟ ಸಹಿಸುವಷ್ಟಿರುತ್ತದೆ. ಆದಾಗ್ಯೂ ಪ್ರತಿ ಬಾರಿ ಎರೆಯುವ ಮೊದಲು ಅಚ್ಚಿನ ಒಳಮೈಯನ್ನು ಒಣಬಟ್ಟೆಯಿಂದ ಒರೆಸಬೇಕು.

ಅರ್ಜಿದಾರರು ಮೇಲ್ಕಂಡ ವಿಷಯಗಳನ್ನು ಓದಿ, ಸಂದೇಹಗಳಿದ್ದಲ್ಲಿ ಕಚೇರಿ ವೇಳೆಯಲ್ಲಿ ಸಂಬಂಧಪಟ್ಟ ಶಾಖೆಯಲ್ಲಿ ವಿಚಾರಿಸಿ, ಅನಂತರವೇ ಅಚ್ಚು ಹಾಗೂ ಯಂತ್ರೋಪಕರಣಗಳಿಗೆ ಮುಂಗಡ ನೀಡಬೇಕೆಂದು ಕೋರಲಾಗಿದೆ.